ಹುಬ್ಬಳ್ಳಿಯಿಂದ ಬಾದಾಮಿವರೆಗೆ: ರೊಟ್ಟಿ ಊಟ ಮಾಡುತ್ತಾ, ಹಾಡು ಕೇಳುತ್ತಾ ಕಾರಲ್ಲಿ ಸುತ್ತುವುದು ಹೇಗೆ

ಉತ್ತರ ಕರ್ನಾಟಕಕ್ಕೆ ಕಾರು ತಗೊಂಡು ಹೋಗುವವರು ಸಾಮಾನ್ಯವಾಗಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡುತ್ತಾರೆ. ದಾರಿಯಲ್ಲಿ ಒಂದು ರೊಟ್ಟಿ ಊಟ, ಧಾರವಾಡದಲ್ಲಿ ಎರಡು ಡಬ್ಬಿ ಪೇಡಾ, ಅಷ್ಟೇ. ಆದರೆ ಇದೇ ದಾರಿಯಲ್ಲಿ ಸವಾಯಿ ಗಂಧರ್ವರ ಊರು ಕುಂದಗೋಳ ಇದೆ, ಮಲ್ಲಿಕಾರ್ಜುನ ಮನ್ಸೂರರ ಮನೆ ಇದೆ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ ಇದೆ, ಭೀಮಸೇನ ಜೋಶಿಯವರು ಹುಟ್ಟಿದ ಗದಗ ಸೀಮೆ ಇದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ದೊಡ್ಡ ಹಿಂದುಸ್ತಾನಿ ಗಾಯಕರು ಹುಟ್ಟಿ, ಕಲಿತು, ಕಲಿಸಿದ ಜಾಗ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ. ಮತ್ತು ಇಲ್ಲಿ ಸಂಗೀತ ಇನ್ನೂ ನಡೆಯುತ್ತಿದೆ. ಬರೀ ಫೋಟೊ ನೋಡಿ ಬರುವ ಮ್ಯೂಸಿಯಂ ಪ್ರವಾಸ ಅಲ್ಲ ಇದು.

ಒಂದು ವಾರ ಇಟ್ಟುಕೊಳ್ಳಿ. ಐದು ದಿನದಲ್ಲೂ ಆಗುತ್ತದೆ, ಆದರೆ ರಾತ್ರಿಯಿಡೀ ಹಾಡು ಕೇಳಿದ ಮರುದಿನ ಅರ್ಧ ದಿನ ನಿದ್ದೆಗೇ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ತಗೊಳ್ಳಿ.

1. ಮೊದಲು ತಾರೀಖು, ಆಮೇಲೆ ದಾರಿ

ಊಟಕ್ಕೆ ತಾರೀಖು ಬೇಡ. ಜೋಳದ ರೊಟ್ಟಿ ವರ್ಷದ ಯಾವ ದಿನ ಹೋದರೂ ಸಿಗುತ್ತದೆ. ಸಂಗೀತ ಹಾಗಲ್ಲ. ಒಂದು ದಿನ ತಪ್ಪಿದರೆ ಮುಂದಿನ ವರ್ಷಕ್ಕೆ ಹೋಯಿತು. ಹಾಗಾಗಿ ಮೊದಲು ಹಾಡು ಎಲ್ಲಿದೆ, ಯಾವತ್ತಿದೆ ಅಂತ ನೋಡಿ. ಅದರ ಸುತ್ತ ಊಟ, ಲಾಡ್ಜು, ಪೆಟ್ರೋಲು ಎಲ್ಲ ಜೋಡಿಸಿ.

ನನ್ನ ಪ್ರಕಾರ ಎರಡು ಸಮಯ ಒಳ್ಳೆಯದು.

ಒಂದು, ಸೆಪ್ಟೆಂಬರ್. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಮನ್ಸೂರರು ಹೋದದ್ದೂ ಸೆಪ್ಟೆಂಬರ್ 12ರಂದೇ, 1992ರಲ್ಲಿ. ಗದಗದ ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರಂದು. ಹೀಗಾಗಿ ಆ ತಿಂಗಳಲ್ಲಿ ಈ ಭಾಗದಲ್ಲಿ ಪುಣ್ಯತಿಥಿಯ ಸಂಗೀತ ಕಾರ್ಯಕ್ರಮಗಳು ಒಂದರ ಹಿಂದೆ ಒಂದು ಬರುತ್ತವೆ. ತಾರೀಖು ಪ್ರತಿ ವರ್ಷ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಹೊರಡುವ ಮುಂಚೆ ಖಚಿತ ಮಾಡಿಕೊಳ್ಳಿ. ಧಾರವಾಡದಲ್ಲಿ ಆಗ ಜಿಟಿಜಿಟಿ ಮಳೆ ಇರಬಹುದು, ಛತ್ರಿ ಇರಲಿ.

ಇನ್ನೊಂದು, ಜನವರಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ಶುರುವಾಗುತ್ತದೆ, ವಾರಗಟ್ಟಲೆ ನಡೆಯುತ್ತದೆ. ಚಳಿ ಹಿತವಾಗಿರುತ್ತದೆ. ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟಿರುತ್ತದೆ, ಅಂದರೆ ಸೀತನಿ ಸಿಗುವ ಕಾಲ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಕಾಳು ಉದುರಿಸಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಮೊಸರಿನ ಜೊತೆ ತಿನ್ನುವುದು. ಹೋಟೆಲಲ್ಲಿ ಕೇಳಬೇಡಿ. ಆ ಕಡೆ ಹೊಲ ಇರುವ ಸ್ನೇಹಿತರಿದ್ದರೆ ಈಗಲೇ ಫೋನ್ ಮಾಡಿ.

ಹೋಳಿ ಹತ್ತಿರ ಹೋಗುವವರಿಗೆ ಹುಬ್ಬಳ್ಳಿಯ ರಂಗಪಂಚಮಿ ಇದೆ. ಆಗ ಜಗ್ಗಲಿಗೆ ಬಾರಿಸುತ್ತಾರೆ. ಬಂಡಿ ಚಕ್ರದ ಗಾತ್ರದ ವಾದ್ಯ, ಉರುಳಿಸಿಕೊಂಡು ಬರುತ್ತಾರೆ, ಎದೆ ಒಳಗೇ ಸದ್ದು ಕೇಳುತ್ತದೆ. ಏಪ್ರಿಲ್, ಮೇ ಮಾತ್ರ ಬೇಡ. ಬಾದಾಮಿಯ ಬಂಡೆಗಳ ನಡುವೆ ಆ ಬಿಸಿಲು ತಡೆಯುವುದು ಕಷ್ಟ.

2. ಸಂಗೀತ ಕಛೇರಿ ಎಲ್ಲಿದೆ ಅಂತ ತಿಳಿಯುವುದು

ಇಲ್ಲಿನ ಬಹುಪಾಲು ಸಂಗೀತ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಹಾಗಾಗಿ ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಊರಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಹುಡುಕುವ ಜಾಗ ಬೇರೆ.

ಕನ್ನಡ ದಿನಪತ್ರಿಕೆಗಳ ಹುಬ್ಬಳ್ಳಿ-ಧಾರವಾಡ ಆವೃತ್ತಿ ತೆಗೆಯಿರಿ. ಸ್ಥಳೀಯ ಪುಟದಲ್ಲಿ ಇವತ್ತಿನ ಕಾರ್ಯಕ್ರಮ ಅಂತ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ಅದೇ ನಿಮ್ಮ ಚೀಟಿ. ಮನೆಯಲ್ಲೇ ಕೂತು ಇ-ಪೇಪರ್‌ನಲ್ಲೂ ನೋಡಬಹುದು. ಆಮೇಲೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ಆಲೂರು ವೆಂಕಟರಾವ್ ಭವನ, ಕರ್ನಾಟಕ ಕಾಲೇಜು ಆವರಣದ ಸೃಜನಾ ರಂಗಮಂದಿರ, ಇವುಗಳ ಗೇಟಿನ ಬಳಿ ಬ್ಯಾನರ್ ನೋಡಿ. ವಿದ್ಯಾವರ್ಧಕ ಸಂಘ 1890ರಿಂದ ಇದೆ. ಅಲ್ಲಿ ಕೇಳಿದರೆ ಊರಿನ ಬೇರೆ ಕಾರ್ಯಕ್ರಮಗಳ ಸುದ್ದಿಯೂ ಗೊತ್ತಾಗುತ್ತದೆ. ಸಂಗೀತ ಶಾಲೆಗಳಲ್ಲಿ ಕೇಳುವುದು ಇನ್ನೂ ಒಳ್ಳೆಯದು. ಮೇಷ್ಟರ ಮನೆಯ ಗುರುಪೂರ್ಣಿಮೆ, ಶಿಷ್ಯರ ಬೈಠಕ್ (ಮನೆಯೊಳಗಿನ ಸಣ್ಣ ಕಛೇರಿ), ಇವೆಲ್ಲ ಪೇಪರಲ್ಲಿ ಬರುವುದೇ ಇಲ್ಲ, ಆದರೆ ವಿನಯದಿಂದ ಕೇಳಿದರೆ "ಬರ್ರೀ, ಕೂಡ್ರಿ" ಅಂತಲೇ ಕರೆಯುತ್ತಾರೆ.

3. ಎಲ್ಲಿ ತಂಗಬೇಕು

ಎರಡೇ ಕಡೆ ರೂಮು ಮಾಡಿ: ಹುಬ್ಬಳ್ಳಿ ಅಥವಾ ಧಾರವಾಡದಲ್ಲಿ ಮೂರ್ನಾಲ್ಕು ರಾತ್ರಿ, ಬಾದಾಮಿಯಲ್ಲಿ ಎರಡು. ದಿನಕ್ಕೊಂದು ಊರಲ್ಲಿ ಲಗೇಜು ಇಳಿಸಿ ಹತ್ತಿಸುವುದು ಬೇಡ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿ.ಮೀ., ಕುಂದಗೋಳವೂ ಹೆಚ್ಚುಕಮ್ಮಿ ಅಷ್ಟೇ, ಗದಗ 60ರ ಆಸುಪಾಸು. ಗದಗದಿಂದ ರೋಣದ ಮೇಲೆ ಬಾದಾಮಿಗೆ 70 ಕಿ.ಮೀ. ಆಗಬಹುದು. ಜಾತ್ರೆ ಸಮಯದಲ್ಲಿ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ಕೆಎಸ್‌ಟಿಡಿಸಿಯ ಮಯೂರ ಚಾಲುಕ್ಯ ಇದೆ, ಖಾಸಗಿ ಹೋಟೆಲುಗಳೂ ಇವೆ, ಯಾವುದಾದರೂ ಸರಿ, ಮೊದಲೇ ಬುಕ್ ಮಾಡಿ.

ಬೆಂಗಳೂರಿಂದ ಹೊರಟರೆ ಹುಬ್ಬಳ್ಳಿಗೆ 410 ಕಿ.ಮೀ. ಹತ್ತಿರ. ಬೆಳಿಗ್ಗೆ ಬೇಗ ಬಿಡಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ದೋಸೆಗೆ ಹೆದ್ದಾರಿ ಪಕ್ಕದ ಬೋರ್ಡು ನಂಬಬೇಡಿ, ಊರೊಳಗೆ ಹೋಗಿ, ಅರ್ಧ ಗಂಟೆ ಜಾಸ್ತಿ ಆದರೂ ಪರವಾಗಿಲ್ಲ. ಜನವರಿಯಿಂದ ಮಾರ್ಚ್ ಒಳಗಾದರೆ ಬ್ಯಾಡಗಿ ಮಾರುಕಟ್ಟೆಗೂ ಒಂದು ಸುತ್ತು. ಅಂಗಳ ತುಂಬ ಕೆಂಪು ಮೆಣಸಿನಕಾಯಿ ಚೀಲ, ಕಣ್ಣಲ್ಲಿ ನೀರು, ಮೂಗಲ್ಲಿ ಘಾಟು. ಮುಂದಿನ ಒಂದು ವಾರ ನೀವು ತಿನ್ನುವ ಊಟದ ಬಣ್ಣ ಎಲ್ಲಿಂದ ಬರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

4. ಧಾರವಾಡ, ಹುಬ್ಬಳ್ಳಿ: ಎರಡು ದಿನ

ಧಾರವಾಡದ ದಿನ ಲೈನ್ ಬಜಾರಿನಿಂದ ಶುರು ಮಾಡಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಕುಟುಂಬದ ಪೇಡಾ ಅಂಗಡಿ ಅಲ್ಲಿದೆ. ದಿನವಿಡೀ ತೆರೆದಿರುವುದಿಲ್ಲ, ಸಾಲು ಇರುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಹಾಲಿನ ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದು ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಪೇಡಾ. ಆ ಸುಟ್ಟ ಹಾಲಿನ ವಾಸನೆ ಬಾರದಿದ್ದರೆ ಅದು ಧಾರವಾಡದ ಪೇಡಾ ಅಲ್ಲ. ಅವತ್ತು ತಿನ್ನುವಷ್ಟು ಮಾತ್ರ ತಗೊಳ್ಳಿ, ಮನೆಗೆ ಒಯ್ಯುವುದನ್ನು ಈ ಕಡೆಯಿಂದ ಬಾದಾಮಿಗೆ ಹೊರಡುವ ದಿನಕ್ಕೆ ಬಿಡಿ.

ಅಲ್ಲಿಂದ ಮನ್ಸೂರರ ಮನೆ 'ಮೃತ್ಯುಂಜಯ'ಕ್ಕೆ ಹೋಗಿ. ಈಗ ಅದು ಸ್ಮಾರಕ. ಅವರು ಜೈಪುರ-ಅತ್ರೌಲಿ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು. ಅಪರೂಪದ ರಾಗಗಳನ್ನು ಹಾಡುವುದರಲ್ಲಿ ಅವರ ಸಮ ಇರಲಿಲ್ಲ. ಹೋಗುವ ದಾರಿಯಲ್ಲೇ ಕಾರಲ್ಲಿ ಅವರ ಒಂದು ಧ್ವನಿಮುದ್ರಿಕೆ ಹಾಕಿ ಕೇಳಿ. ಹಾಡು ಕೇಳದೆ ಗಾಯಕರ ಮನೆ ನೋಡಿದರೆ ಬರೀ ಗೋಡೆ ನೋಡಿದಂತೆ ಆಗುತ್ತದೆ.

ಕನ್ನಡ ನಾಡಿನ ಈ ಭಾಗಕ್ಕೆ ಹಿಂದುಸ್ತಾನಿ ಸಂಗೀತ ಯಾಕೆ ಬಂತು ಅಂತ ಹಲವರು ಕೇಳುತ್ತಾರೆ. 1956ಕ್ಕೆ ಮುಂಚೆ ಇದು ಮುಂಬೈ ಪ್ರಾಂತ್ಯದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಇಲ್ಲೆಲ್ಲ ಸುತ್ತುತ್ತಿದ್ದವು, ಆ ನಾಟಕಗಳ ತುಂಬ ರಾಗದ ಹಾಡು. ಮೈಸೂರು ಅರಮನೆಗೆ ಹೋಗಿ ಬರುವ ಉಸ್ತಾದರು ದಾರಿಯಲ್ಲಿ ಧಾರವಾಡದಲ್ಲಿ ತಂಗುತ್ತಿದ್ದರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಹೀಗೆಯೇ ಇಲ್ಲಿಗೆ ಬಂದು ಹೋಗುತ್ತಿದ್ದವರು. ಅವರ ಶಿಷ್ಯ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಮತ್ತು ಭೀಮಸೇನರು.

ಮಧ್ಯಾಹ್ನ ಖಾನಾವಳಿಗೆ ನಡೆಯಿರಿ. ದೊಡ್ಡ ಹೋಟೆಲಿನ ಉತ್ತರ ಕರ್ನಾಟಕ ಥಾಲಿ ಬೇಡ. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳುವ ಖಾನಾವಳಿ ಹುಡುಕಿ. ಆ ಸದ್ದು ಕೇಳಿಸಿದರೆ ರೊಟ್ಟಿ ಬಿಸಿ ಅಂತ ಅರ್ಥ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಹಾಗಾಗಿ ಕುದಿಯುವ ನೀರು ಹಾಕಿ ನಾದುತ್ತಾರೆ, ಲಟ್ಟಣಿಗೆ ಬಿಟ್ಟು ಅಂಗೈಯಲ್ಲಿ ತಟ್ಟಿ ಹಿಗ್ಗಿಸುತ್ತಾರೆ, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ತಿರುವಿ ಹಾಕಿದಾಗ ಪೂರಿಯಂತೆ ಉಬ್ಬಿದರೆ ಕೈ ಪಳಗಿದೆ ಅಂತ ಲೆಕ್ಕ. ತಟ್ಟೆಯಲ್ಲಿ ಎಣ್ಣೆಗಾಯಿ, ಝುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ. ಹಸಿ ಸೊಪ್ಪನ್ನು ಅಲಂಕಾರ ಅಂತ ಬಿಡಬೇಡಿ, ಖಾರಕ್ಕೆ ಅದೇ ಮದ್ದು. ಪುಂಡಿ ಪಲ್ಯ ಇದೆಯಾ ಅಂತ ಕೇಳಿ. ಹುಳಿ ಸೊಪ್ಪು, ಜೋಳದ ನುಚ್ಚು ಸೇರಿದ ಆ ಪಲ್ಯ ಬೆಂಗಳೂರಿನಲ್ಲಿ ಈ ರುಚಿಗೆ ಸಿಗುವುದಿಲ್ಲ. ಖಾರ ಆಗದವರು ಮೊದಲೇ "ಖಾರ ಕಡಿಮಿ ಹಾಕ್ರೀ" ಅನ್ನಿ.

ಸಂಜೆಗೆ ಗಿರ್ಮಿಟ್, ಮಿರ್ಚಿ ಭಜಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹುಣಸೆ ರಸ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಒಂದು ಪಾತ್ರೆಯಲ್ಲಿ ತಯಾರಿರುತ್ತದೆ. ನೀವು ಹೇಳಿದ ಮೇಲೆ ಅದನ್ನು ಚುರುಮುರಿಗೆ ಕಲಸಿ, ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕೊಡುತ್ತಾರೆ. ಕೈಗೆ ಬಂದ ಕೂಡಲೇ ತಿನ್ನಿ. ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಹುಬ್ಬಳ್ಳಿಯಲ್ಲಾದರೆ ಇದಕ್ಕೆ ದುರ್ಗದಬೈಲ್‌ಗೆ ಸಂಜೆ ಹೋಗಿ, ಕಾರು ದೂರ ನಿಲ್ಲಿಸಿ ನಡೆದು ಹೋಗಿ.

ಮಾಂಸ ತಿನ್ನುವವರಿಗೆ ಸಾವಜಿ ಖಾನಾವಳಿ. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಮನೆ ಅಡುಗೆ ಇದು. ಒಣಕೊಬ್ಬರಿ, ಗಸಗಸೆ ಹುರಿದು ಅರೆದ ಮಸಾಲೆ, ಮೇಲೆ ಕೆಂಪು ಎಣ್ಣೆ ತೇಲುವ ಮಟನ್ ರಸ. ಬಹಳ ರುಚಿ, ಬಹಳ ಖಾರ. ರಾತ್ರಿಯಿಡೀ ಕೂತು ಕೇಳುವ ಕಛೇರಿ ಇದ್ದ ದಿನ ಮಾತ್ರ ಬೇಡವೇ ಬೇಡ.

ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರದ 'ಗಂಗಾಲಹರಿ', ಗಂಗೂಬಾಯಿಯವರ ಮನೆ ನೋಡಿ. ತೆರೆದಿದೆಯಾ ಅಂತ ಮೊದಲು ವಿಚಾರಿಸಿಕೊಳ್ಳಿ. ಆಮೇಲೆ ಸಿದ್ಧಾರೂಢ ಮಠಕ್ಕೆ ಹೋಗಿ. ಅಲ್ಲಿ ಭಜನೆ ಕೇಳಿ, ಪ್ರಸಾದದ ಸಾಲಿನಲ್ಲಿ ಕೂತು ಊಟ ಮಾಡಿ. ಇಡೀ ಪ್ರವಾಸದಲ್ಲಿ ಊಟ ಮತ್ತು ಹಾಡು ಒಂದೇ ಅಂಗಳದಲ್ಲಿ ದುಡ್ಡಿಲ್ಲದೆ ಸಿಗುವ ಜಾಗ ಅದು. ಕೈಲಾದಷ್ಟು ಕಾಣಿಕೆ ಹಾಕಿ ಬನ್ನಿ.

5. ಕುಂದಗೋಳದ ರಾತ್ರಿ

ನನ್ನನ್ನು ಕೇಳಿದರೆ ಈ ಪ್ರವಾಸಕ್ಕೆ ಹೊರಡುವುದೇ ಇದಕ್ಕೆ. ಸವಾಯಿ ಗಂಧರ್ವರ ನಿಜ ಹೆಸರು ರಾಮಭಾವು ಕುಂದಗೋಳಕರ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಇಲ್ಲಿಗೆ ಪಾಠಕ್ಕೆ ಬರುತ್ತಿದ್ದರು. ಭೀಮಸೇನರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುರುವಿಗಾಗಿ ಉತ್ತರ ಭಾರತದಲ್ಲೆಲ್ಲ ಅಲೆದು, ಕೊನೆಗೆ ಗುರು ಸಿಕ್ಕಿದ್ದು ತಮ್ಮ ಊರಿನ ಪಕ್ಕದ ಈ ಕುಂದಗೋಳದಲ್ಲಿ. ಪುಣ್ಯತಿಥಿಯ ಸಂಗೀತೋತ್ಸವ ಇಲ್ಲಿನ ನಾಡಿಗೇರ ವಾಡೆಯಲ್ಲಿ (ಹಳೇ ಕಾಲದ ದೊಡ್ಡ ಮನೆ) ನಡೆದು ಬಂದದ್ದು, ಅಹೋರಾತ್ರಿ.

ರಾತ್ರಿಯಿಡೀ ಕೇಳುವುದಕ್ಕೆ ತಯಾರಿ ಬೇಕು.

ಮಧ್ಯಾಹ್ನ ಎರಡು ಗಂಟೆ ಮಲಗಿ. ಸಂಜೆ ಹಗುರವಾಗಿ ಉಂಡು ಹೊರಡಿ, ಒಂದು ರೊಟ್ಟಿ, ಮೊಸರನ್ನ ಸಾಕು. ಚಾಪೆ ಅಥವಾ ಸಣ್ಣ ದಿಂಬು, ಶಾಲು, ನೀರಿನ ಬಾಟಲಿ ಇರಲಿ. ಜಮಖಾನದ ಮೇಲೆ ನೆಲದಲ್ಲಿ ಕೂಡುವುದು, ಚಪ್ಪಲಿ ಹೊರಗೆ. ಮುಂದಿನ ಸಾಲು ಹಿರಿಯರಿಗೆ ಬಿಡಿ. ಹಾಡು ನಡೆಯುವಾಗ ಏಳಬೇಡಿ. ಒಂದು ರಾಗ ಮುಗಿದು ತಂಬೂರಿ ಶ್ರುತಿ ಮಾಡುವಾಗ ಎದ್ದು ಹೋಗಿ ಚಹಾ ಕುಡಿದು ಬನ್ನಿ. ಫೋನು ಸೈಲೆಂಟ್ ಮಾಡಿ ಜೇಬಲ್ಲಿಡಿ. ಇಡೀ ಕಛೇರಿ ರೆಕಾರ್ಡ್ ಮಾಡುವುದು ಕಲಾವಿದರಿಗೆ ಮಾಡುವ ಅಗೌರವ ಅಂತ ನನಗನ್ನಿಸುತ್ತದೆ.

ಶಾಸ್ತ್ರೀಯ ಸಂಗೀತ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಒಂದು ಉಪಾಯ ಹೇಳುತ್ತೇನೆ. ಮೊದಲು ಬರುವ ವಿಲಂಬಿತದಲ್ಲಿ ಲಯ ಬಹಳ ನಿಧಾನ. ಗಾಯಕರು ಎಲ್ಲೆಲ್ಲೋ ಸುತ್ತಾಡಿ ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್ಮಿಗೆ, ಸರಿಯಾಗಿ ಬಂದು ಸೇರುತ್ತಾರೆ. ತಬಲಾದ ಕಡೆ ಕಿವಿ ಇಟ್ಟು ಆ ಕ್ಷಣಕ್ಕೆ ಕಾಯಿರಿ. ಪಕ್ಕದಲ್ಲಿ ಕೂತ ಅಜ್ಜ ತಲೆ ಆಡಿಸಿ "ವಾಹ್" ಅನ್ನುವುದು ಅಲ್ಲೇ. ಎರಡು ಮೂರು ಸುತ್ತು ಆಗುವಷ್ಟರಲ್ಲಿ ನಿಮಗೂ ಸಿಗುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ.

ಇನ್ನೊಂದು ಕಾರಣಕ್ಕೆ ಬೆಳಗಿನ ತನಕ ಇರಬೇಕು. ರಾಗಗಳಿಗೆ ಹೊತ್ತಿದೆ. ನಗರದ ಕಛೇರಿಗಳು ಸಂಜೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುವುದರಿಂದ ಮಾಲಕಂಸ, ದರ್ಬಾರಿಗಳೇ ಅಪರೂಪ, ಇನ್ನು ಲಲಿತ್, ಭೈರವ್, ತೋಡಿ ಎದುರು ಕೂತು ಕೇಳುವ ಅವಕಾಶ ಎಲ್ಲಿ? ಬೆಳಕು ಹರಿಯುವ ಹೊತ್ತಿಗೆ ಲಲಿತ್ ಕೇಳಿದವರಿಗೆ ಗೊತ್ತು ಅದರ ಬೆಲೆ.

ಮುಗಿದ ಮೇಲೆ ನಿದ್ದೆಗಣ್ಣಲ್ಲಿ ಓಡಿಸಬೇಡಿ. ಡ್ರೈವರ್ ಒಬ್ಬರನ್ನು ಇಟ್ಟುಕೊಳ್ಳಿ, ಇಲ್ಲ ಅಂದರೆ ಕಾರಲ್ಲೇ ಒಂದು ತಾಸು ಮಲಗಿ ಹೊರಡಿ.

6. ಶಿಶುನಾಳ

ಕುಂದಗೋಳದಿಂದ ಗುಡಗೇರಿ ಕಡೆ ಹೋದರೆ ಶಿಶುನಾಳ ಸಿಗುತ್ತದೆ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಸಣ್ಣ ಊರು, ಸಂತ ಶರೀಫರದ್ದು (1819-1889). ಅವರ ಗದ್ದುಗೆಗೆ ಹಿಂದೂ ಮುಸ್ಲಿಂ ಇಬ್ಬರೂ ಬರುತ್ತಾರೆ. ಜಾತ್ರೆ ಅಥವಾ ಅಮಾವಾಸ್ಯೆ ಹತ್ತಿರ ಹೋದರೆ ಹಳ್ಳಿಯ ಭಜನಾ ಮೇಳದವರು ತತ್ವಪದ ಹಾಡುವುದು ಕೇಳಬಹುದು. ಏಕತಾರಿ, ದಮ್ಮಡಿ, ತಾಳ, ಪೇಟಿ (ಹಾರ್ಮೋನಿಯಂ), ಇಷ್ಟೇ. ಮೈಕು ಬೇಡದ ಗಂಟಲು. ಕ್ಯಾಸೆಟ್ಟಿನಲ್ಲಿ ಕೇಳಿದ ಭಾವಗೀತೆಯ ಧಾಟಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ, ಇದನ್ನೂ ಒಮ್ಮೆ ಕೇಳಲೇಬೇಕು. ಸವಣೂರು ಇಲ್ಲಿಂದ ದೂರವಿಲ್ಲ, ಸವಣೂರು ಖಾರ ಒಂದು ಪೊಟ್ಟಣ ತಗೊಳ್ಳಿ, ಕಾರಲ್ಲಿ ತಿನ್ನುವುದಕ್ಕೆ ಆಗುತ್ತದೆ.

7. ಗದಗದ ವೀರೇಶ್ವರ ಪುಣ್ಯಾಶ್ರಮ

ಇಲ್ಲಿಗೆ ಬೆಳಿಗ್ಗೆಯೇ ಹೋಗಿ. ಪಂಚಾಕ್ಷರಿ ಗವಾಯಿಗಳು (1892-1944) ಅಂಧ ಮತ್ತು ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದ ಜಾಗ. ಅವರೂ ಅಂಧರು, ಮುಂದೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಹಿಂದುಸ್ತಾನಿ, ಕರ್ನಾಟಕಿ ಎರಡನ್ನೂ ಬಲ್ಲವರು. ಒಂದು ಕೋಣೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಂ, ಅಂಗಳದಲ್ಲಿ ಯಾರೋ ಹುಡುಗ ಒಂದೇ ಪಲ್ಟಾವನ್ನು (ಸ್ವರಾಭ್ಯಾಸದ ಸಾಲು) ಮತ್ತೆ ಮತ್ತೆ ಹಾಡುತ್ತಿರುತ್ತಾನೆ. ಕಛೇರಿಗಿಂತ ಈ ರಿಯಾಜ್, ಅಂದರೆ ಅಭ್ಯಾಸ, ಕೇಳುವುದು ನನಗೆ ಹೆಚ್ಚು ಇಷ್ಟ.

ಮಕ್ಕಳ ಹತ್ತಿರ ಹೋದಾಗ ಮೊದಲು ನೀವೇ ಮಾತಾಡಿ, ಹೆಸರು, ಊರು ಹೇಳಿ. ಸುಮ್ನೆ ನಿಂತು ವಿಡಿಯೊ ಮಾಡಬೇಡಿ. ಆಶ್ರಮದ ಆಫೀಸಿನಲ್ಲಿ ಅನುಮತಿ ಕೇಳಿ. ದಾಸೋಹಕ್ಕೆ ಅಕ್ಕಿ, ಬೇಳೆ ಅಥವಾ ದುಡ್ಡು ಕೊಡಬಹುದು.

ಗದಗದಲ್ಲಿ ಒಗ್ಗರಣಿ-ಮಿರ್ಚಿ ನಾಷ್ಟಾ ಮಾಡಿ, ಇದು ಗಿರ್ಮಿಟ್ ಅಲ್ಲ, ನೆನೆಸಿದ ಚುರುಮುರಿಯ ಒಗ್ಗರಣೆ. ಬದನೆಕಾಯಿ ಭಜಿ ಕಂಡರೆ ಬಿಡಬೇಡಿ. ದಾರಿಯಿಂದ ಹನ್ನೊಂದು ಹನ್ನೆರಡು ಕಿ.ಮೀ. ಬದಿಗೆ ಹಳೇ ಗುಡಿಗಳ ಊರು ಲಕ್ಕುಂಡಿ ಇದೆ, ಹೊತ್ತಿದ್ದರೆ ನೋಡಿ.

8. ಬನಶಂಕರಿ: ಬುಟ್ಟಿಯ ಊಟ, ಕಂಪನಿ ನಾಟಕ

ಬಾದಾಮಿಯಿಂದ ಐದು ಕಿ.ಮೀ. ದೇವಸ್ಥಾನದ ಹತ್ತಿರ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು "ಊಟಾ ಮಾಡ್ ಬರ್ರೀ" ಅಂತ ಕರೆಯುತ್ತಾರೆ. ನೆರಳಲ್ಲಿ ಕೂಡಿಸಿ, ಖಡಕ್ ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಕೆಂಪು ಚಟ್ನಿ ಬಡಿಸುತ್ತಾರೆ. ಮೊಸರು ಸಣ್ಣ ಮಣ್ಣಿನ ಗಡಿಗೆಯಲ್ಲಿ, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಹೋಟೆಲಿಗೆ ಹೋಗುವ ಪ್ರಶ್ನೆಯೇ ಇಲ್ಲ. ರೇಟು ಮೊದಲೇ ಕೇಳಿಕೊಳ್ಳಿ, ಆದರೆ ಚೌಕಾಸಿ ಮಾಡಬೇಡಿ. ನಸುಕಿನಲ್ಲಿ ಎದ್ದು ಮನೆಯಲ್ಲಿ ಬಡಿದ ರೊಟ್ಟಿ ಅದು. ಚಿಲ್ಲರೆ ಇಟ್ಟುಕೊಂಡಿರಿ, ಜಾತ್ರೆಯ ಗದ್ದಲದಲ್ಲಿ ಫೋನಿನ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಜಾತ್ರೆ ದಿನಗಳಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ. ರಾತ್ರಿಯಿಡೀ ಒಂದರ ಮೇಲೊಂದು ಆಟ. ಕೆಲವರು ಇದು ಅಗ್ಗದ ಹಾಸ್ಯ ಅಂತ ಮೂಗು ಮುರಿಯುತ್ತಾರೆ, ನಾನು ಒಪ್ಪುವುದಿಲ್ಲ. ಮನ್ಸೂರರು ಹುಡುಗನಾಗಿದ್ದಾಗ ಇಂಥ ಕಂಪನಿಯಲ್ಲೇ ಬಣ್ಣ ಹಚ್ಚಿ ಹಾಡಿದವರು. ಈಗ ಪೇಟಿಯ ಜಾಗಕ್ಕೆ ಕೀಬೋರ್ಡು ಬಂದಿದೆ, ಆದರೂ ವೇದಿಕೆ ಪಕ್ಕ ಕೂತು ನಟನ ಮಾತಿಗೆ ಸರಿಯಾಗಿ ಸದ್ದು ಕೊಡುವ ವಾದ್ಯದವರನ್ನು ನೋಡುವುದೇ ಒಂದು ಖುಷಿ. ಮುಂದಿನ ಸಾಲಿನ ಟಿಕೆಟ್ ತಗೊಳ್ಳಿ. ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತ ಇದೆಯಾ ಅಂತಲೂ ಕೇಳಿ ನೋಡಿ. ಬಾಗಲಕೋಟೆ, ಬೆಳಗಾವಿ ಕಡೆಯ ಬಯಲಾಟ ಅದು, ಹಾಡಿನಲ್ಲೇ ಕಥೆ ನಡೆಯುತ್ತದೆ.

9. ರಸ್ತೆಯ ಎಚ್ಚರ, ವಾಪಸ್ ದಾರಿ

ಚಳಿಗಾಲದಲ್ಲಿ ಕಬ್ಬಿನ ಹಂಗಾಮು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತವೆ. ಬಾಗಲಕೋಟೆ ಜಿಲ್ಲೆಯಲ್ಲಿ ರಾತ್ರಿ ಓಡಿಸುವುದನ್ನು ಆದಷ್ಟು ತಪ್ಪಿಸಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಜೋಳ, ಕಡಲೆ ಹರಡಿರುತ್ತಾರೆ, ಒಣ ಹೊಟ್ಟು ಬಿಸಿ ಸೈಲೆನ್ಸರಿಗೆ ಸಿಕ್ಕಿಕೊಂಡರೆ ಬೆಂಕಿಯ ಅಪಾಯ. ಅಂಥ ಕಡೆ ಬದಿಯಿಂದ ಹೋಗಿ, ಮುಂದೆ ನಿಲ್ಲಿಸಿ ಕಾರಿನ ಕೆಳಗೆ ನೋಡಿ. ಮಳೆ ಬಂದಿದ್ದರೆ ಡಾಂಬರು ಬಿಟ್ಟು ಚಕ್ರ ಇಳಿಸಬೇಡಿ. ಎರೆಮಣ್ಣಿನಲ್ಲಿ ಹೂತರೆ ಟ್ರ್ಯಾಕ್ಟರ್ ಕರೆಸುವ ತನಕ ಅಲ್ಲೇ.

ವಾಪಸ್ ಬರುವಾಗ ಬಂದ ದಾರಿಯೇ ಬೇಡ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಅಮೀನಗಡಕ್ಕೆ ಬನ್ನಿ. ತಿನ್ನುವ ಅಂಟು, ಕೊಬ್ಬರಿ, ಗೋಡಂಬಿ, ಬಾದಾಮಿಯನ್ನು ತುಪ್ಪದಲ್ಲಿ ಹುರಿದು ಬೆಲ್ಲದಲ್ಲಿ ಕಟ್ಟಿದ ಕರದಂಟು ಅಲ್ಲಿಯದು. ಗೋಕಾಕದ ಕರದಂಟಿಗೂ ಹೆಸರಿದೆ, ನನ್ನ ಮತ ಅಮೀನಗಡಕ್ಕೆ. ಪೇಡಾ ನಾಲ್ಕು ದಿನದಲ್ಲಿ ಮುಗಿಸಬೇಕು, ಕರದಂಟು ವಾರಗಟ್ಟಲೆ ಇರುತ್ತದೆ, ಹಾಗಾಗಿ ಹಂಚುವವರಿಗೆ ಇದನ್ನೇ ತಗೊಳ್ಳಿ. ಅಲ್ಲಿಂದ ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ ಮೇಲೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಚಿತ್ರದುರ್ಗಕ್ಕೆ ಬಂದು ಬೆಂಗಳೂರು ದಾರಿ ಸೇರಬಹುದು. ಇಳಕಲ್ಲಿನಲ್ಲಿ ಸೀರೆ ನೋಡುವವರು ಎರಡು ತಾಸು ಜಾಸ್ತಿ ಇಟ್ಟುಕೊಳ್ಳಿ. ಖಡಕ್ ರೊಟ್ಟಿ ಒಯ್ಯುವುದಾದರೆ ಡಿಕ್ಕಿಯಲ್ಲಿ ಬ್ಯಾಗುಗಳ ಕೆಳಗೆ ಹಾಕಬೇಡಿ. ರಟ್ಟಿನ ಡಬ್ಬಿಯಲ್ಲಿಟ್ಟು ಹಿಂದಿನ ಸೀಟಿನ ಮೇಲಿಡಿ, ಮನೆ ತಲುಪುವಾಗ ಪುಡಿಯಾಗದೆ ಇರುತ್ತದೆ.